ಅರ್ಧ ಓದಿದ ಪುಸ್ತಕದ ಬಗ್ಗೆ

ಪ್ರಿಯ ಮಿತ್ರರೇ,

ನಮ್ಮ ವೈಜ್ಞಾನಿಕ ಕಥೆಗಳ ಓದುಕೂಟಕ್ಕೆಂದು ಈ ತಿಂಗಳು ನೀವು ಬರೆದ ಮೂರು ಟಿಪ್ಪಣಿಗಳು ತಲುಪಿದವು. ‘ಈಗ ಏನು ಓದುತ್ತಿದ್ದೀರಿ?’ ಎಂಬ ಪ್ರಶ್ನೆಗೆ ಬರೆದ ಉತ್ತರ ಎಂದಿದ್ದೀರಿ. ಮೂರರಲ್ಲೂ ಮುಕ್ಕಾಲು ಪಾಲು ಕಥಾಸಾರ. ಉಳಿದ ಕಾಲು ಪಾಲು ‘ಅದ್ಭುತ’, ‘ಓದಲೇಬೇಕು’, ‘ನಡುವೆ ಸ್ವಲ್ಪ ಎಳೆದಿದ್ದಾರೆ’. ಕಥಾಸಾರ ಪುಸ್ತಕದ ಹಿಂಬದಿಯಲ್ಲೇ ಅಚ್ಚಾಗಿರುತ್ತದೆ. ‘ಅದ್ಭುತ’ ಎಂದರೆ ಕೇಳಿದವರಿಗೆ ಏನೂ ತಿಳಿಯದು. ನಾಳೆ ನೀವೇ ವೈಜ್ಞಾನಿಕ ಕಥೆ ಬರೆಯಲು ಕೂತು ಈ ಟಿಪ್ಪಣಿ ತೆರೆದರೆ ನಿಮಗೂ ಏನೂ ಸಿಗದು.

ಮೂರನ್ನೂ ಪುಸ್ತಕ ಮುಗಿಸಿದ ಮೇಲೆ ಬರೆದಿದ್ದೀರಿ. ಎಡವಟ್ಟಾಗಿರುವುದು ಅಲ್ಲೇ. ಪ್ರಶ್ನೆ ಇರುವುದು ‘ಏನು ಓದಿದಿರಿ’ ಎಂದಲ್ಲ, ‘ಏನು ಓದುತ್ತಿದ್ದೀರಿ’ ಎಂದು. ಮುಗಿಸಿದವರಿಗೆ ಉತ್ತರ ಗೊತ್ತಾಗಿಬಿಟ್ಟಿರುತ್ತದೆ. ನೂರನೆಯ ಪುಟದಲ್ಲಿ ಯಾವ ಮಾತನ್ನು ನಂಬಿದ್ದೆವು, ಯಾವುದಕ್ಕೆ ಹುಬ್ಬೇರಿಸಿದ್ದೆವು, ಮುಂದೇನಾಗಬಹುದು ಎಂದುಕೊಂಡಿದ್ದೆವು ಎಂಬುದೆಲ್ಲ ಆ ಹೊತ್ತಿಗೆ ಅಳಿಸಿಹೋಗಿರುತ್ತದೆ. ಬರೆಯುವವರಿಗೆ ಬೇಕಾದದ್ದು ಅದೇ. ಹಾಗಾಗಿ ಮುನ್ನೂರು ಪುಟದ ಕಾದಂಬರಿಯಾದರೆ ನೂರರ ಆಸುಪಾಸಿನಲ್ಲಿ, ಅಧ್ಯಾಯವೊಂದು ಮುಗಿಯುವಲ್ಲಿ, ಪುಸ್ತಕ ಮಗುಚಿಟ್ಟು ಬರೆಯಿರಿ. 150 ಪದ ಧಾರಾಳವಾಯಿತು. ಸಣ್ಣ ಕಥೆಯನ್ನು ಮಾತ್ರ ನಡುವೆ ನಿಲ್ಲಿಸಬೇಡಿ. ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯವರು 7,500 ಪದದೊಳಗಿನದನ್ನು ಸಣ್ಣ ಕಥೆ ಎನ್ನುತ್ತಾರೆ. ಅಷ್ಟನ್ನು ಒಂದೇ ಪಟ್ಟಿಗೆ ಕೂತು ಓದಿ, ಎರಡನೆಯ ಓದಿನಲ್ಲಿ ಬರೆಯಿರಿ.

ಮೊದಲ ಸಾಲಿನಲ್ಲಿ, ನಿಮ್ಮ ಕೈಯಲ್ಲಿರುವುದು ಯಾವ ಪ್ರತಿ ಎಂದು ಹೇಳಿ: ಯಾವ ವರ್ಷದ ಆವೃತ್ತಿ, ಅನುವಾದವಾದರೆ ಯಾರದು, ಯಾವ ಭಾಷೆಯಿಂದ. ಇದು ಗ್ರಂಥಪಾಲಕರ ಚಾಳಿ ಎಂದು ಮೂಗು ಮುರಿಯಬೇಡಿ. ಲಿಯು ಸಿಶಿನ್ ಅವರ ‘ದ ತ್ರೀ ಬಾಡಿ ಪ್ರಾಬ್ಲಮ್’ ಚೀನಿ ಪುಸ್ತಕದಲ್ಲಿ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಅಧ್ಯಾಯಗಳು ನಡುವೆಲ್ಲೋ ಬರುತ್ತವೆ. ಕೆನ್ ಲಿಯು ಮಾಡಿದ 2014ರ ಇಂಗ್ಲಿಷ್ ಅನುವಾದ ಅಲ್ಲಿಂದಲೇ ಶುರುವಾಗುತ್ತದೆ. ಇಬ್ಬರು ಓದುಗರು ‘ಮೊದಲ ಐವತ್ತು ಪುಟ’ದ ಬಗ್ಗೆ ಜಗಳವಾಡಿದರೆ ಇಬ್ಬರೂ ಸರಿಯಾಗಿರಬಹುದು. ಸ್ಟಾನಿಸ್ಲಾವ್ ಲೆಮ್ ಅವರ ‘ಸೊಲಾರಿಸ್’ 1970ರಲ್ಲಿ ಇಂಗ್ಲಿಷಿಗೆ ಬಂದದ್ದು ಮೂಲ ಪೋಲಿಷ್‌ನಿಂದಲ್ಲ, ಅದರ ಫ್ರೆಂಚ್ ಅನುವಾದದಿಂದ. ನೇರ ಅನುವಾದಕ್ಕೆ 2011ರ ತನಕ ಕಾಯಬೇಕಾಯಿತು. ‘ಫ್ರಾಂಕೆನ್‌ಸ್ಟೈನ್’ನ 1818ರ ಆವೃತ್ತಿಯಲ್ಲಿ ಕಥಾನಾಯಕ ಮದುವೆಯಾಗುವ ಎಲಿಜಬೆತ್ ಅವನ ಸೋದರತ್ತೆಯ ಮಗಳು, 1831ರಲ್ಲಿ ಮೇರಿ ಶೆಲ್ಲಿ ತಿದ್ದಿದ ಮೇಲೆ ಅವಳು ಎಲ್ಲಿಂದಲೋ ತಂದು ಸಾಕಿದ ಅನಾಥೆ. (ನಮ್ಮ ಕಡೆಯ ಓದುಗರಿಗೆ ಮೊದಲನೆಯ ಸಂಬಂಧದಲ್ಲಿ ಹುಬ್ಬೇರಿಸುವಂಥದ್ದು ಏನೂ ಕಾಣಲಿಕ್ಕಿಲ್ಲ!) ಜಗದೀಶಚಂದ್ರ ಬೋಸ್ 1896ರಲ್ಲಿ ಬಂಗಾಳಿಯಲ್ಲಿ ಬರೆದ, ಒಂದು ಬಾಟಲಿ ಕೂದಲೆಣ್ಣೆ ಚಂಡಮಾರುತವನ್ನು ತಣಿಸುವ ಕಥೆಯೂ ಹಾಗೆಯೇ, 1921ರಲ್ಲಿ ಅವರೇ ಅದನ್ನು ಬೇರೆ ಹೆಸರಿನಲ್ಲಿ ತಿದ್ದಿ ಬರೆದರು.

ಇನ್ನು ಮುಖ್ಯವಾದದ್ದು. ಪ್ರತಿಯೊಂದು ವೈಜ್ಞಾನಿಕ ಕಥೆಯೂ ಓದುಗರ ಹತ್ತಿರ ಒಂದು ಸುಳ್ಳನ್ನು ಸಾಲವಾಗಿ ಕೇಳುತ್ತದೆ. ಬೆಳಕಿಗಿಂತ ವೇಗವಾದ ನೌಕೆ, ಕಾಲದಲ್ಲಿ ಹಿಂದೆ ಹೋಗುವ ಯಂತ್ರ, ಇಂಥದ್ದೊಂದು. ಆ ಸುಳ್ಳು ಯಾವುದೆಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಒಂದೋ ನೀವು ಸರಿಯಾಗಿ ಓದಿಲ್ಲ, ಇಲ್ಲವೇ ಲೇಖಕರು ಎರಡು ಮೂರು ಸಾಲ ಒಟ್ಟಿಗೆ ಎತ್ತಿದ್ದಾರೆ. ಅದರ ಬೆನ್ನಿಗೆ ಸುಳ್ಳಿಗೆ ಸೇರದ ಒಂದು ಅಂಕಿಯನ್ನು ಹೆಕ್ಕಿ ಲೆಕ್ಕ ಹಾಕಿ. ಪಿಯುಸಿ ಭೌತಶಾಸ್ತ್ರ ಸಾಕು.

ಆರ್ಥರ್ ಕ್ಲಾರ್ಕ್ ಅವರ ‘ರಾಂಡೆವೂ ವಿತ್ ರಾಮ’ (1973) ತೆಗೆದುಕೊಳ್ಳಿ. ‘ರಾಮ’ ಎಂದರೆ ಅಲ್ಲಿ ಬಾಹ್ಯಾಕಾಶದಿಂದ ಬಂದ ಟೊಳ್ಳು ಉರುಳೆಯಂಥ ನೌಕೆ. ಅದರ ಒಳವ್ಯಾಸ 16 ಕಿ.ಮೀ.; ಅದು ನಾಲ್ಕು ನಿಮಿಷಕ್ಕೊಂದು ಸುತ್ತು ತಿರುಗುತ್ತದೆ. ಹಾಗೆ ತಿರುಗುವುದರಿಂದಲೇ ಒಳಗೋಡೆಯ ಮೇಲೆ ನಿಂತವರಿಗೆ ತೂಕ ಬರುತ್ತದೆ. 2π ಅನ್ನು 240 ಸೆಕೆಂಡಿನಿಂದ ಭಾಗಿಸಿದರೆ 0.0262. ಅದರ ವರ್ಗವನ್ನು ತ್ರಿಜ್ಯ 8,000 ಮೀಟರಿನಿಂದ ಗುಣಿಸಿದರೆ ಆ ಗೋಡೆಯ ಮೇಲಿನ ಸೆಳೆತ, ಸುಮಾರು 5.5 ಮೀ./ಸೆ². ಭೂಮಿಯ 9.8ರ ಮುಂದೆ ಅದು 0.56, ಅಂದರೆ ಅರ್ಧಕ್ಕಿಂತ ಒಂಚೂರು ಹೆಚ್ಚು. ಅಷ್ಟು ತೂಕದಲ್ಲಿ ಮನುಷ್ಯರು ನಡೆಯಬಹುದು, ಮೆಟ್ಟಿಲು ಹತ್ತಬಹುದು. ಕಥೆಯ ಓಡಾಟವೆಲ್ಲ ಆ ಅಂಕಿಯ ಮೇಲೆ ನಿಂತಿದೆ.

ಅದೇ ಸೂತ್ರವನ್ನು ಹೊಸಬರ ಕಥೆಗಳಿಗೆ ಹಚ್ಚಿ ನೋಡಿ. ತ್ರಿಜ್ಯ ಹತ್ತು ಮೀಟರ್ ಇರುವ ಪುಟ್ಟ ನೌಕೆಯನ್ನು ಗಿರಗಿರ ತಿರುಗಿಸಿ ಭೂಮಿಯಷ್ಟೇ ತೂಕ ತರಿಸಿರುತ್ತಾರೆ. ಅದಕ್ಕೆ ನಿಮಿಷಕ್ಕೆ ಒಂಬತ್ತೂವರೆ ಸುತ್ತು ಬೇಕು. ನಿಂತವರ ತಲೆ ನಡುವಿನ ಅಚ್ಚಿಗೆ 1.7 ಮೀಟರ್ ಹತ್ತಿರ ಇರುವುದರಿಂದ ಪಾದದಲ್ಲಿರುವ ಸೆಳೆತಕ್ಕಿಂತ ಅಲ್ಲಿ ಶೇ. 17 ಕಡಿಮೆ. ಕತ್ತು ಹೊರಳಿಸಿದರೆ ತಲೆ ಸುತ್ತಿ ವಾಂತಿಯಾಗಬೇಕು, ಆದರೆ ಕಥೆಯ ನಾಯಕ ಆರಾಮಾಗಿ ಕಾಫಿ ಹೀರುತ್ತಿರುತ್ತಾನೆ. ನಿಮಿಷಕ್ಕೆ ಎರಡೇ ಸುತ್ತು ಸಾಕೆಂದರೆ ತ್ರಿಜ್ಯ ಸುಮಾರು 224 ಮೀಟರ್ ಆಗಬೇಕು.

ಲೆಕ್ಕ ತಪ್ಪಿದೆ ಎಂದಾಕ್ಷಣ ಪುಸ್ತಕ ಬಿತ್ತು ಎಂದು ಕೇಕೆ ಹಾಕಬೇಡಿ. ಆ ತಪ್ಪು ಕಥೆಗೆ ಏನು ಕೊಟ್ಟಿತು ಎಂದು ಕೇಳಿ. ಆ್ಯಂಡಿ ವಿಯರ್ ಅವರ ‘ದ ಮಾರ್ಷಿಯನ್’, ರಾಕೆಟ್ಟನ್ನು ವಾಲಿಸಿ ನಾಯಕನನ್ನು ಅಲ್ಲೇ ಒಂಟಿಯಾಗಿ ಉಳಿಸುವ ಮಂಗಳದ ಬಿರುಗಾಳಿಯಿಂದ ಶುರುವಾಗುತ್ತದೆ. ಅಲ್ಲಿನ ಗಾಳಿಯ ಸಾಂದ್ರತೆ ನಮ್ಮದರ ಸುಮಾರು ಅರವತ್ತರಲ್ಲಿ ಒಂದು ಪಾಲು. ಗಾಳಿಯ ನೂಕುಬಲ ಸಾಂದ್ರತೆಗೂ ವೇಗದ ವರ್ಗಕ್ಕೂ ತಕ್ಕಂತೆ ಇರುವುದರಿಂದ, ಅಲ್ಲಿ ಗಂಟೆಗೆ 160 ಕಿ.ಮೀ. ಬೀಸಿದರೂ ಇಲ್ಲಿನ 20 ಕಿ.ಮೀ. ಗಾಳಿಯಷ್ಟೇ ನೂಕೀತು. ಅಷ್ಟರಲ್ಲಿ ಒಗೆದ ಬಟ್ಟೆ ಹಾರಾಡಬಹುದು, ರಾಕೆಟ್ ವಾಲದು. ಲೇಖಕರಿಗೆ ಇದು ಗೊತ್ತಿತ್ತು. ಮೊದಲ ಏಟು ಪ್ರಕೃತಿಯದೇ ಆಗಬೇಕೆಂದು ಬೇಕೆಂತಲೇ ಇಟ್ಟದ್ದು ಎಂದು ಹೇಳಿದ್ದಾರೆ. ಉಳಿದ ಪುಸ್ತಕದ ಆಲೂಗಡ್ಡೆ, ನೀರು, ಆಮ್ಲಜನಕದ ಲೆಕ್ಕವೆಲ್ಲ ಆ ಒಂದು ಸಾಲಕ್ಕೆ ಕಟ್ಟಿದ ಬಡ್ಡಿಯಂತಿದೆ. ಟಿಪ್ಪಣಿಯಲ್ಲಿ ಬರಬೇಕಾದದ್ದು ಇಂಥ ಮಾತು.

ಓದುಗರು ಹೀಗೆ ಕೆದಕಿದ್ದರಿಂದ ಪುಸ್ತಕವೇ ಬದಲಾದದ್ದೂ ಉಂಟು. ಲ್ಯಾರಿ ನಿವೆನ್ 1970ರ ‘ರಿಂಗ್‌ವರ್ಲ್ಡ್’ನಲ್ಲಿ ನಕ್ಷತ್ರದ ಸುತ್ತ, ಹೆಚ್ಚುಕಡಿಮೆ ನಮ್ಮಿಂದ ಸೂರ್ಯನಿರುವಷ್ಟು ದೂರದಲ್ಲಿ, ಗಟ್ಟಿ ಬಳೆಯೊಂದನ್ನು ಕಟ್ಟಿದರು. ಮರುವರ್ಷ ಬಾಸ್ಟನ್ನಿನಲ್ಲಿ ನಡೆದ ವೈಜ್ಞಾನಿಕ ಕಥಾಪ್ರಿಯರ ವಿಶ್ವ ಸಮ್ಮೇಳನಕ್ಕೆ ಬಂದ ಎಂಐಟಿ ವಿದ್ಯಾರ್ಥಿಗಳು ಈ ಬಳೆ ಸ್ಥಿರವಾಗಿ ನಿಲ್ಲದು ಎಂದು ಮೊಗಸಾಲೆಯಲ್ಲಿ ಘೋಷಣೆ ಕೂಗಿದರು. ಕಾರಣ ಸರಳ: ಬಳೆ ಒಂದಿಷ್ಟು ಸರಿದರೆ ಹತ್ತಿರವಾದ ಬದಿಯನ್ನು ನಕ್ಷತ್ರ ಇನ್ನೂ ಹೆಚ್ಚು ಸೆಳೆಯುತ್ತದೆ, ಕೊನೆಗೆ ಬಳೆ ಹೋಗಿ ಅದಕ್ಕೇ ಬಡಿಯುತ್ತದೆ. ಶನಿಯ ಉಂಗುರ ಗಟ್ಟಿ ಬಳೆಯಾಗಿರಲಾರದು ಎಂದು ಮ್ಯಾಕ್ಸ್‌ವೆಲ್ 1859ರಲ್ಲೇ ತೋರಿಸಿದ್ದರು. ನಿವೆನ್ ಅದರ ಮುಂದಿನ ಭಾಗದಲ್ಲಿ ಬಳೆಯ ಅಂಚಿಗೆ ಅದನ್ನು ಸರಿಪಡಿಸುವ ಜೆಟ್‌ಗಳನ್ನು ಜೋಡಿಸಿದರು. ಮೊದಲ ಮುದ್ರಣದಲ್ಲಿ ಇನ್ನೊಂದು ತಪ್ಪಿತ್ತು. ಹುಟ್ಟುಹಬ್ಬದ ದಿನವನ್ನು ಲಂಬಿಸಲು ನಾಯಕ ಊರಿಂದೂರಿಗೆ ಪಶ್ಚಿಮಕ್ಕೆ ಜಿಗಿಯಬೇಕಿತ್ತು, ಪೂರ್ವಕ್ಕೆ ಜಿಗಿದಿದ್ದ. ಮುಂದಿನ ಮುದ್ರಣದಲ್ಲಿ ತಿದ್ದಿದರು. ಯಾವ ಪ್ರತಿ ಎಂದು ಬರೆಯಿರಿ ಎಂದದ್ದು ಇದಕ್ಕೂ ಸೇರಿ.

ಟಿಪ್ಪಣಿಯ ಮಟ್ಟ ಹೀಗಿದ್ದರೆ ಸಾಕು:

‘ರಾಮ, 1973ರ ಆವೃತ್ತಿ, ಮೂರನೆಯ ಒಂದು ಭಾಗ ಮುಗಿದಿದೆ. ಸುಳ್ಳು ಒಂದೇ: ಯಾರೋ ಕಟ್ಟಿದ ಉರುಳೆ ಸೌರವ್ಯೂಹಕ್ಕೆ ಬಂದಿದೆ. ಗೋಡೆಯ ಮೇಲೆ ತೂಕ 0.56, ನಡುವಿನ ಅಚ್ಚಿನಲ್ಲಿ ಸೊನ್ನೆ. ಇಳಿದಂತೆ ಭಾರ ಏರುವುದನ್ನು ಮೆಟ್ಟಿಲುಗಳಲ್ಲೇ ತೋರಿಸಿದ್ದಾರೆ, ವಿವರಣೆ ಕಡಿಮೆ. ಪಾತ್ರಗಳ ಮುಖ ನೆನಪಿನಲ್ಲಿ ಉಳಿಯುತ್ತಿಲ್ಲ. ಒಳಗೆ ಹೆಪ್ಪುಗಟ್ಟಿದ ಕಡಲಿದೆ, ಉರುಳೆ ಸೂರ್ಯನತ್ತ ಹೋಗುತ್ತಿದೆ. ಬಿಸಿ ಹೊರಗೋಡೆಯಿಂದ ಬರುವುದಾದರೆ ಮಂಜುಗಡ್ಡೆ ಅಡಿಯಿಂದ ಕರಗಬೇಕಲ್ಲವೇ?’

ಕೊನೆಯಲ್ಲಿ ಪ್ರಶ್ನೆ ಇರಲಿ. ತೀರ್ಪು ಕೊಟ್ಟರೆ ಕೂಟದಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಪ್ರಶ್ನೆ ಕೇಳಿದರೆ ಪುಸ್ತಕ ಮುಗಿಸಿದವರು ಬಾಯಿ ಬಿಗಿಹಿಡಿದು ನಗುತ್ತಾರೆ, ಓದದವರು ಪುಸ್ತಕ ಹುಡುಕುತ್ತಾರೆ.

ಪುಸ್ತಕ ಇಂಗ್ಲಿಷಿನದ್ದಾದರೂ ಟಿಪ್ಪಣಿ ಕನ್ನಡದಲ್ಲೇ ಬರೆಯಿರಿ. ನಿಮ್ಮ ಕಥೆಗೆ ಯಾವ ಮಾತುಗಳ ಕೊರತೆಯಿದೆ ಎಂದು ಆಗಲೇ ತಿಳಿಯುವುದು. ‘ಏರ್‌ಲಾಕ್’ ಎಂದು ಬರೆದರೆ ತಪ್ಪಿಲ್ಲ, ಆದರೆ ಒಮ್ಮೆ ಬಿಡಿಸಿ ಹೇಳಿ: ಎರಡು ಬಾಗಿಲಿನ ಕೋಣೆ, ಒಂದು ಮುಚ್ಚದೆ ಇನ್ನೊಂದು ತೆರೆಯದು. ಹಾಗೆ ಬಿಡಿಸಿದಾಗಲೇ ಕಥೆಗೆ ಬೇಕಾದ ಅಪಾಯವೂ ಕಣ್ಣಿಗೆ ಬೀಳುತ್ತದೆ. ‘ಹತ್ತು ಜ್ಯೋತಿರ್ವರ್ಷಗಳ ಹಿಂದೆ’ ಎಂದು ನಿಮ್ಮ ಎರಡನೆಯ ಟಿಪ್ಪಣಿಯಲ್ಲಿದೆ, ಹೊಡೆದುಹಾಕಿ. ಹೆಸರಿನಲ್ಲಿ ವರ್ಷವಿದ್ದರೂ ಅದು ದೂರದ ಅಳತೆ, ಸುಮಾರು 9.46 ಲಕ್ಷ ಕೋಟಿ ಕಿ.ಮೀ.

ಇದಕ್ಕಿಂತ ಕಷ್ಟದ್ದು ಸರ್ವನಾಮ. ಅರ್ಸುಲಾ ಲೆ ಗ್ವಿನ್ 1969ರ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ನಲ್ಲಿ ಗಂಡು ಹೆಣ್ಣೆಂದು ನಿಗದಿಯಾಗದ ಜನರನ್ನು ಇಂಗ್ಲಿಷಿನ ‘ಹೀ’ಯಿಂದ ಕರೆದರು, ಮುಂದೆ ಅದಕ್ಕೆ ಮರುಗಿದರು. ಆನ್ ಲೆಕಿ 2013ರಲ್ಲಿ ‘ಆ್ಯನ್ಸಿಲರಿ ಜಸ್ಟಿಸ್’ ಬರೆದಾಗ ಎಲ್ಲರಿಗೂ ‘ಶೀ’ ಎಂದರು. ಕನ್ನಡದಲ್ಲಿ ಕ್ರಿಯಾಪದವೂ ಗುಟ್ಟು ಬಿಟ್ಟುಕೊಡುತ್ತದೆ: ಬಂದ, ಬಂದಳು, ಬಂದಿತು. ನಮ್ಮ ಹತ್ತಿರ ‘ಅವರು ಬಂದರು’ ಇದೆ ನಿಜ, ಅದರಲ್ಲಿ ಗಂಡು ಹೆಣ್ಣಿನ ಗುರುತಿಲ್ಲ. ಆದರೆ ಜೊತೆಗೆ ಗೌರವವೂ ಅಂಟಿಕೊಂಡು ಬರುತ್ತದೆ. ಕಳ್ಳನಿಗೂ ಮಗುವಿಗೂ ಅದನ್ನೇ ಹಚ್ಚಿದರೆ ಕಥೆಯ ದನಿ ಬದಲಾಗುತ್ತದೆ. ರೋಬೋವನ್ನು ‘ಅದು’ ಎನ್ನುತ್ತಿದ್ದ ಪಾತ್ರ ಯಾವ ಪುಟದಲ್ಲಿ ‘ಅವನು’ ಎನ್ನಬಹುದು? ಇಂಗ್ಲಿಷ್ ಪುಸ್ತಕ ಓದುವಾಗ ಆ ಪುಟಕ್ಕೊಂದು ಗುರುತು ಹಾಕಿಡಿ.

ಚಿಲ್ಲರೆ ಸಂಗತಿ ಇನ್ನೆರಡಿವೆ. ಮೊದಲ ಕಾಲು ಭಾಗದಾಚೆಯ ಘಟನೆಯನ್ನು ಟಿಪ್ಪಣಿಯಲ್ಲಿ ಹೇಳಬೇಡಿ. ಊಹೆ ಎಷ್ಟು ಬೇಕಾದರೂ ಮಾಡಿ. ಪುಸ್ತಕ ಬಿಟ್ಟುಬಿಟ್ಟರೆ ನಾಚಿಕೆಪಡದೆ ಪುಟದ ಸಂಖ್ಯೆ ಸಮೇತ ಹೇಳಿ: ‘88ರಲ್ಲಿ ಬಿಟ್ಟೆ, ಎರಡು ಪಾತ್ರಗಳು ಇಬ್ಬರಿಗೂ ಗೊತ್ತಿರುವ ವಿಜ್ಞಾನವನ್ನು ಒಬ್ಬರಿಗೊಬ್ಬರು ಪಾಠ ಹೇಳುತ್ತಿದ್ದವು.’

ಪುಸ್ತಕ ಮುಗಿದ ದಿನ ಹಳೆಯ ಟಿಪ್ಪಣಿಯನ್ನು ತಿದ್ದಬೇಡಿ. ಕೆಳಗೊಂದು ಗೆರೆ ಎಳೆದು, ಊಹೆ ಎಲ್ಲಿ ತಪ್ಪಿತು, ಲೇಖಕರು ಅದರ ಸುಳಿವನ್ನು ಮೊದಲು ಯಾವ ಪುಟದಲ್ಲಿ ಇಟ್ಟಿದ್ದರು ಎಂದು ಎರಡು ಸಾಲು ಸೇರಿಸಿ. ಮುಂದಿನ ಸಲ ಕಳಿಸುವಾಗ ಗೆರೆಯ ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ ಕಳಿಸಿ.

ಇಂತಿ,
ನಿಮ್ಮ ವಿಶ್ವಾಸಿ