ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಇನ್ನು ಸಿಸ್ಟಮ್‌ಡಿಗೆ

ನಮಸ್ಕಾರ,

ಇಳಕಲ್ ಮತ್ತು ರಬಕವಿ-ಬನಹಟ್ಟಿಯ ಸೀರೆ ಅಂಗಡಿಯವರು, ಮಹಾಲಿಂಗಪುರದ ಬೆಲ್ಲದ ಅಡತಿಯವರು, ಬಾಗಲಕೋಟೆಯ ಪತ್ತಿನ ಸಂಘದವರು, ಹೀಗೆ ನಮ್ಮ ಲೆಕ್ಕದ ಸಾಫ್ಟ್‌ವೇರ್ ಬಳಸುವ ಎಲ್ಲರಿಗೂ ಈ ಪತ್ರ.

ನಿಮ್ಮ ಆಫೀಸಿನ ಲಿನಕ್ಸ್ ಸರ್ವರ್‌ನಲ್ಲಿ, ನಿಮ್ಮ ಬಿಲ್, ಲೆಕ್ಕ ಎಲ್ಲ ಇಡುವ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಇಷ್ಟು ದಿನ ಒಂದು ಸ್ಕ್ರಿಪ್ಟ್ (ಕಮಾಂಡ್‌ಗಳ ಚಿಕ್ಕ ಪಟ್ಟಿ) ಶುರು ಮಾಡುತ್ತಿತ್ತು. ಶುರು ಮಾಡಿ ಸುಮ್ಮನಾಗುತ್ತಿತ್ತು. ನಡುವೆ ಡೇಟಾಬೇಸ್ ಬಿದ್ದರೆ ನೋಡುವವರಿಲ್ಲ, ನೀವು ಫೋನ್ ಮಾಡಬೇಕು, ನಾವು ನೋಡಬೇಕು, ಅಷ್ಟರಲ್ಲಿ ಸಂತೆ ದಿನದ ಗಿರಾಕಿ ಎದ್ದು ಹೋಗಿರ್ತಾರೆ, ಅಲ್ವಾ? ಇನ್ನು ಈ ಕೆಲಸ ಸಿಸ್ಟಮ್‌ಡಿಯದು. ಲಿನಕ್ಸ್ ಜೊತೆಗೇ ಬರುವ ಸರ್ವಿಸ್ ಮ್ಯಾನೇಜರ್ ಇದು, ಅಂದರೆ ಹಿಂದೆ ನಡೆಯುವ ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಂ, 2010ರಿಂದ ಇದೆ, ಬೇರೆ ದುಡ್ಡು ಕೊಡಬೇಕಿಲ್ಲ. ಬಿದ್ದ ಡೇಟಾಬೇಸನ್ನು ತಾನೇ ಎಬ್ಬಿಸುತ್ತದೆ.

ನಾವು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಕರೆಂಟ್ ವಿಷಯಕ್ಕೆ. ಯುಪಿಎಸ್ಸೂ ಕೈಕೊಟ್ಟು ಸರ್ವರ್ ಒಮ್ಮೆಲೇ ಆಫ್ ಆದರೆ, ಪೋಸ್ಟ್‌ಗ್ರೆಸ್ ಮತ್ತೆ ಏಳುವಾಗ ಮೊದಲೇ ಬರೆದಿಟ್ಟ ತನ್ನ ಲಾಗ್ ಓದಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಇದಕ್ಕೆ ಕೆಲವೊಮ್ಮೆ ಜಾಸ್ತಿ ಹೊತ್ತು ಬೇಕು. ಆದರೆ ಸಿಸ್ಟಮ್‌ಡಿ ಸಾಮಾನ್ಯವಾಗಿ ಕಾಯುವುದು 90 ಸೆಕೆಂಡ್ ಮಾತ್ರ, ಅಷ್ಟರಲ್ಲಿ 'ನಾನು ರೆಡಿ' ಅನ್ನುವ ಸೂಚನೆ ಬರದಿದ್ದರೆ ನಿಲ್ಲಿಸಿಬಿಡುತ್ತದೆ. ರಿಪೇರಿ ಅರ್ಧದಲ್ಲೇ ಹೋಯಿತು! ಅದಕ್ಕೇ ಆ ಮಿತಿಯನ್ನೇ ತೆಗೆದಿದ್ದೇವೆ. ಡೇಟಾಬೇಸ್ ರೆಡಿ ಆದ ಮೇಲೆಯೇ ಬಿಲ್ಲಿಂಗ್ ಶುರುವಾಗುತ್ತದೆ. ಅಲ್ಲಿವರೆಗೆ ದಯವಿಟ್ಟು ಪವರ್ ಬಟನ್ ಒತ್ತಬೇಡಿ.

ನಿಲ್ಲಿಸುವ ರೀತಿಯೂ ಬದಲಾಗುತ್ತದೆ. ಮೊದಲು ಎಲ್ಲರೂ ಲಾಗೌಟ್ ಆಗುವವರೆಗೆ ಡೇಟಾಬೇಸ್ ಕಾಯುತ್ತಿತ್ತು, ಒಬ್ಬರು ಬಿಲ್ ವಿಂಡೋ ತೆರೆದಿಟ್ಟು ಮನೆಗೆ ಹೋದರೂ ಸರ್ವರ್ ನಿಲ್ಲುತ್ತಿರಲಿಲ್ಲ. ಈಗ ಸಿಗ್‌ಇಂಟ್ ಎಂಬ, 'ಬೇಗ ನಿಲ್ಲು' ಅನ್ನುವ ಸಿಗ್ನಲ್ ಕಳಿಸುತ್ತೇವೆ. ಎಲ್ಲರ ಸಂಪರ್ಕ ಕಡಿದು, ಮುಗಿಯದ ವ್ಯವಹಾರ ರದ್ದು ಮಾಡಿ, ಡೇಟಾಬೇಸ್ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಸೇವ್ ಆದ ಬಿಲ್‌ಗೆ ಏನೂ ಆಗುವುದಿಲ್ಲ. ಅರ್ಧ ಟೈಪ್ ಮಾಡಿದ್ದು ಮಾತ್ರ ಹೋಗುತ್ತದೆ, ಹಾಗಾಗಿ ಸಂಜೆ ಸರ್ವರ್ ಆಫ್ ಮಾಡುವ ಮೊದಲು ಎಲ್ಲರಿಗೂ ಒಂದು ಮಾತು ಹೇಳಿ.

ನಿಮ್ಮಲ್ಲಿ ಕಮಾಂಡ್ ಗೊತ್ತಿರುವವರಿಗೆ ಒಂದು ವಿನಂತಿ. ಪಿಜಿ‌ಸಿಟಿಎಲ್ (ಪೋಸ್ಟ್‌ಗ್ರೆಸ್‌ನದೇ ಕಮಾಂಡ್) ಬಳಸಿ ಡೇಟಾಬೇಸನ್ನು ಕೈಯಾರೆ ಶುರು ಮಾಡಬೇಡಿ. ಹಾಗೆ ಮಾಡಿದರೆ ಸಿಸ್ಟಮ್‌ಡಿಗೆ ಅದು ತಿಳಿಯುವುದಿಲ್ಲ, ಡೇಟಾಬೇಸ್ ನಡೆಯುತ್ತಿದ್ದರೂ 'ನಿಂತಿದೆ' ಅನ್ನುತ್ತದೆ, ಬಿದ್ದರೆ ಎಬ್ಬಿಸುವುದೂ ಇಲ್ಲ. ಏನಿದ್ದರೂ ಸಿಸ್ಟಮ್‌ಸಿಟಿಎಲ್ ಎಂಬ ಸಿಸ್ಟಮ್‌ಡಿಯ ಕಮಾಂಡ್ ಮೂಲಕವೇ ಮಾಡಿ. ತೊಂದರೆ ಕಂಡರೆ ಜರ್ನಲ್‌ಸಿಟಿಎಲ್ (ಸಿಸ್ಟಮ್‌ಡಿಯ ಲಾಗ್ ತೋರಿಸುವ ಕಮಾಂಡ್) ತೋರಿಸುವ ಕೊನೆಯ ಸಾಲುಗಳ ಫೋಟೋ ವಾಟ್ಸಾಪ್ ಮಾಡಿ.

ಬದಲಾವಣೆಗೆ ನಿಮ್ಮ ಸಂತೆ ದಿನ ಬಿಟ್ಟು ಬೇರೆ ದಿನ ಬರುತ್ತೇವೆ, ಮೊದಲು ಬ್ಯಾಕಪ್ ತೆಗೆಯುತ್ತೇವೆ. ಯಾವ ಹೊತ್ತು ಅನುಕೂಲ ಅಂತ ತಿಳಿಸಿ.

ನಿಮ್ಮ ಸಪೋರ್ಟ್ ತಂಡ,
ಬಾಗಲಕೋಟೆ