ಕೇಬಲ್ ಕೊಟ್ಟ ಅಣ್ಣನಿಗೆ ಥ್ಯಾಂಕ್ಸ್

ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅಣ್ಣನಿಗೆ ಈ ಬರಹ. ಹೆಸರು ಕೇಳಲಿಲ್ಲ.

ಕೋಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆಂಡ್ರಾಯ್ಡ್ ಆ್ಯಪ್ ಮಾಡಲು ಕಲಿಯುತ್ತಿದ್ದೇನೆ. ಹಳೇ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ತೆರೆದುಕೊಳ್ಳುವುದೇ ಹೆಚ್ಚು, ಲ್ಯಾಪ್‌ಟಾಪ್‌ನಲ್ಲೇ ನಕಲಿ ಫೋನ್ ಓಡಿಸುವ ಎಮ್ಯುಲೇಟರ್ ಮಾತಂತೂ ಬೇಡ. ಹಾಗಾಗಿ ಫೋನಿನಲ್ಲೇ ಓಡಿಸೋಣ ಅಂತ ಸೆಟ್ಟಿಂಗ್ಸ್‌ನಲ್ಲಿರುವ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದೆ, ಲ್ಯಾಪ್‌ಟಾಪ್‌ನಿಂದ ಕೇಬಲ್ ಮೂಲಕ ಆ್ಯಪ್ ಹಾಕಿ ಓಡಿಸಲು ಬಿಡುವ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿದೆ. ಫೋನ್ ಚಾರ್ಜ್ ಆಗುತ್ತಿತ್ತು, ಆದರೆ ಲ್ಯಾಪ್‌ಟಾಪ್‌ಗೆ ಕಾಣಿಸಲೇ ಇಲ್ಲ. ಮರುದಿನ ಕಾಲೇಜಿನಲ್ಲಿ ಆ್ಯಪ್ ತೋರಿಸಬೇಕಿತ್ತು. ರಿಪೇರಿಗೆ ಎಷ್ಟಾಗುತ್ತೋ ಅಂತ ಹೆದರುತ್ತಲೇ ಅಂಗಡಿಗೆ ಹೋದೆ.

ಅವರು ಫೋನ್ ಬಿಚ್ಚಲೇ ಇಲ್ಲ. ಮೊದಲು ಕೇಬಲ್ ಇಸ್ಕೊಂಡು ನೋಡಿದರು. "ಇದು ಬರೀ ಚಾರ್ಜಿಂಗ್ ಕೇಬಲ್ ತಮ್ಮಾ, ಡೇಟಾ ವೈರ್ ಇರಲ್ಲ ಇದ್ರಲ್ಲಿ" ಅಂದರು. ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದ್ದ ಕೇಬಲ್ಲನ್ನೇ ಕಿತ್ತು ಕೊಟ್ಟರು. ಸ್ಟೂಲ್ ಒರೆಸಿ ಲ್ಯಾಪ್‌ಟಾಪ್ ಇಡಲು ಜಾಗ ಮಾಡಿದರು. ಡೀಬಗಿಂಗ್‌ಗೆ ಒಪ್ಪಿಗೆ ಕೊಡಲು ಫೋನ್ ಕೇಳಿತು, ಒತ್ತಿದೆ. ಲ್ಯಾಪ್‌ಟಾಪ್‌ನಲ್ಲಿ ಫೋನಿನ ಹೆಸರು ಬಂತು! ಎದೆ ಹಗುರಾಯಿತು.

ಬಟನ್ ಒತ್ತಿದರೆ ಎಣಿಕೆ ಏರುವ ಪುಟ್ಟ ಆ್ಯಪ್ ಅದು. ಅವರೇ ಒತ್ತಿ ನೋಡಿದರು. ಸುಮ್ನೆ ಫೋನ್ ಅಡ್ಡ ತಿರುಗಿಸಿದರು, ಎಣಿಕೆ ಸೊನ್ನೆಯಾಯಿತು. "ಇದ್ಯಾಕೆ ಹಿಂಗೆ?" ಅಂದರು. ತಿರುಗಿಸಿದಾಗ ಆಂಡ್ರಾಯ್ಡ್ ಆ ಆ್ಯಕ್ಟಿವಿಟಿಯನ್ನು, ಅಂದರೆ ಆ್ಯಪ್‌ನ ಆ ಪರದೆಯನ್ನು, ತೆಗೆದುಹಾಕಿ ಹೊಸದಾಗಿ ಕಟ್ಟುತ್ತದೆ, ಎಣಿಕೆಯನ್ನು ತಿರುಗಿಸಿದರೂ ಅಳಿಯದೆ ಉಳಿಯುವ ವ್ಯೂಮಾಡೆಲ್‌ನಲ್ಲಿ ಇಡಬೇಕು. ಓದಿದ್ದೆ, ತಲೆಗೆ ಹೋದದ್ದು ಆವಾಗಲೇ. ರಾತ್ರಿ ಸರಿ ಮಾಡಿದೆ.

ದುಡ್ಡು ಕೊಡಲು ಹೋದರೆ "ಹಳೇ ಕೇಬಲ್, ಇಟ್ಕೋ" ಅಂದು ಮುಂದಿನ ಗಿರಾಕಿ ಕಡೆ ತಿರುಗಿದರು. ಅಣ್ಣಾ, ಕಾಲೇಜಿನಲ್ಲಿ ಆ್ಯಪ್ ಓಡಿತು. ತುಂಬಾ ಥ್ಯಾಂಕ್ಸ್.