ಡಂಪ್ ಕುಸಿದರೆ ತಪ್ಪನ್ನು ಮಳೆಯ ಮೇಲೆ ಯಾಕೆ ಹಾಕುತ್ತೀರಿ?

ಮಾನ್ಯ ಸಂಪಾದಕರೇ,

ಗಣಿ ಡಂಪ್, ಅಂದರೆ ಅದಿರು ತೆಗೆಯುವಾಗ ಬೇಡ ಅಂತ ರಾಶಿ ಹಾಕಿದ ಮಣ್ಣು ಕಲ್ಲು, ಕುಸಿದು ಬಳ್ಳಾರಿ ಜಿಲ್ಲೆಯ ಸಂಡೂರು ಕಡೆಯ ನಮ್ಮ ರಸ್ತೆಗೆ ಕೆಸರು ನುಗ್ಗಿದ ವರದಿ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿದೆ. ಫೋಟೊ ಇದ್ದದ್ದನ್ನು ಇದ್ದ ಹಾಗೇ ತೋರಿಸಿದೆ. ಆದರೆ ಕೊನೆಯಲ್ಲಿ ಅಧಿಕಾರಿಯೊಬ್ಬರ ಮಾತು ಹಾಕಿದ್ದೀರಲ್ಲ, 'ಭಾರಿ ಮಳೆ ಬಂದಾಗ ಹೀಗಾಗುವುದು ಸಹಜ' ಅಂತ, ಅದನ್ನು ಓದಿ ಮೈ ಉರಿದುಹೋಯಿತು. ಆ ಕೆಸರಿನಲ್ಲಿ ಸಿಕ್ಕಿಕೊಂಡವರಲ್ಲಿ ನಾನೂ ಒಬ್ಬ. ಅವತ್ತು ಬಂದದ್ದು ಮುಂಗಾರಿನ ಒಂದು ಜೋರು ಮಳೆ, ಅಷ್ಟೇ. ನಮ್ಮಪ್ಪನ ಕಾಲದಲ್ಲಿ ಇದಕ್ಕಿಂತ ದೊಡ್ಡ ಮಳೆಗಳು ಬಂದಿವೆ. ಆಗ ಹಳ್ಳ ತುಂಬಿ ಹರಿಯುತ್ತಿತ್ತು, ಗುಡ್ಡವೇ ಕರಗಿ ರಸ್ತೆಗೆ ಬರುತ್ತಿರಲಿಲ್ಲ.

ಅಮ್ಮನನ್ನು ಕಣ್ಣಿನ ಆಪರೇಷನ್‌ಗೆ ಕರೆದುಕೊಂಡು ಹೊರಟಿದ್ದೆ. ಬಸ್ಸಿನ ಮುಂದೆ ಅದಿರು ಲಾರಿ, ಹಿಂದೆ ಅದಿರು ಲಾರಿ, ಪಕ್ಕಕ್ಕೆ ಇಳಿಯೋಣ ಅಂದರೆ ಮೊಣಕಾಲುದ್ದ ಕೆಂಪು ಕೆಸರು. ಮಧ್ಯಾಹ್ನದವರೆಗೂ ಒಬ್ಬ ಅಧಿಕಾರಿಯೂ ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಜೆಸಿಬಿ ತಂದದ್ದು ಊರಿನವರೇ, ಡೀಸೆಲ್‌ಗೆ ಚಂದಾ ಎತ್ತಿ. ಆಸ್ಪತ್ರೆಯಲ್ಲಿ ನಮ್ಮ ಸರದಿ ಹೋಯಿತು, ಮತ್ತೆ ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ಶಾಲೆ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಲಾರಿಗಳ ಸಂದಿಯಲ್ಲಿ ನುಸುಳಿ ಹೋದರು. ಆ ಕೆಸರು ಬರೀ ಮಣ್ಣಲ್ಲ, ದೋಸೆ ಹಿಟ್ಟಿನಷ್ಟು ನುಣುಪು. ಬೈಕಿನಲ್ಲಿ ಗಂಡ ಹೆಂಡತಿ ಇಬ್ಬರೂ ನಮ್ಮ ಕಣ್ಣೆದುರೇ ಜಾರಿ ಬಿದ್ದರು. ಲಾರಿ ನಿಂತಿತ್ತು, ಬದುಕಿಕೊಂಡರು. ಚಲಿಸುತ್ತಿದ್ದರೆ? ಅದನ್ನೂ ಸಹಜ ಅಂತಲೇ ಬರೆದುಕೊಳ್ಳುತ್ತಿದ್ದರಾ?

ಮಳೆಯ ಕಥೆ ಹೇಳುವವರಿಗೆ ಈ ಗುಡ್ಡದ ಕಥೆ ಗೊತ್ತಿರಬೇಕು. ಸಂಡೂರಿನ ಗುಡ್ಡಗಳು ಸುಮಾರು 270 ಕೋಟಿ ವರ್ಷ ಹಳೆಯವು. ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು, ಅದರ ಮೇಲೆ ಸಿಲಿಕಾ (ಮರಳಿನಲ್ಲಿರುವ ಖನಿಜ), ಮತ್ತೆ ಕಬ್ಬಿಣ, ಹೀಗೆ ಪದರ ಪದರವಾಗಿ ಕೂತು ಕಲ್ಲಾದದ್ದು. ಒಂದು ಕಲ್ಲು ಒಡೆದು ನೋಡಿ, ಕಡು ಕೆಂಪಿನ ಗೆರೆ, ಅದರ ಪಕ್ಕ ಬಿಳಿ ಗೆರೆ ಕಾಣುತ್ತದೆ. ಮುಂದೆ ನೀರು ಇಳಿದು ಇಳಿದು ಸಿಲಿಕಾ ತೊಳೆದುಹೋದ ಕಡೆ ಒಳ್ಳೆ ಅದಿರು ಉಳಿಯಿತು. ಇಷ್ಟು ಗಟ್ಟಿ ಕಲ್ಲು ಒಂದು ಮಳೆಗೆ ಕರಗುತ್ತಾ? ಕರಗುವುದು ನಾವು ಅಗೆದು ರಾಶಿ ಹಾಕಿದ್ದು. ಅದಿರು ಬೇಕಾದರೆ ಮೇಲಿನ ಮಣ್ಣು, ಬೇಡದ ಕಲ್ಲು, ಪುಡಿ ಎಲ್ಲವನ್ನೂ ತೆಗೆದು ಬೇರೆ ಕಡೆ ಸುರಿಯಬೇಕು. ಆ ಬೇರೆ ಕಡೆ ಅನ್ನುವುದು ಇಲ್ಲಿ ಹಳ್ಳದ ನೆತ್ತಿಯ ಮೇಲಿನ ಇಳಿಜಾರು. ಅದರಲ್ಲಿ ಬೇರಿಲ್ಲ, ಹುಲ್ಲಿಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ಮಳೆ ಬಿದ್ದರೆ ಮೊದಲು ಹೊರಡುವುದೇ ಪುಡಿ.

ಇದು ಹೊಸ ವಿಷಯವೂ ಅಲ್ಲ. ಡಂಪನ್ನು ಮೆಟ್ಟಿಲು ಮೆಟ್ಟಿಲಾಗಿ ಹಾಕಬೇಕು, ಬುಡದಲ್ಲಿ ತಡೆಗೋಡೆ ಇರಬೇಕು, ಸುತ್ತ ಚರಂಡಿ ತೋಡಬೇಕು, ಕೆಳಗಿನ ಚೆಕ್ ಡ್ಯಾಂಗಳ ಹೂಳನ್ನು ಮಳೆಗೆ ಮುಂಚೆ ತೆಗೆಯಬೇಕು. ಇದೆಲ್ಲ ಗಣಿ ಮಾಡುವವರಿಗೆ ಬಾಯಿಪಾಠ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿ, ಮತ್ತೆ ಶುರು ಮಾಡಲು ಬಿಡುವ ಮುಂಚೆ ಒಂದೊಂದು ಗಣಿಗೂ ಹಾಳಾದ ನೆಲ ಸರಿಪಡಿಸುವ ಪುನಶ್ಚೇತನ ಯೋಜನೆ ಬೇಕು ಅಂದಿತ್ತು. ಗುತ್ತಿಗೆ ಗಡಿಯ ಆಚೆ ಎಷ್ಟು ಅಗೆದಿದ್ದಾರೆ, ಎಷ್ಟು ಡಂಪ್ ಸುರಿದಿದ್ದಾರೆ ಅಂತ ಅಳೆದೇ ಎ, ಬಿ, ಸಿ ಅಂತ ಗಣಿಗಳನ್ನು ವಿಂಗಡಿಸಿದ್ದು. ಗಡಿ ಮೀರಿದ್ದು ಎಲ್ಲಕ್ಕಿಂತ ಹೆಚ್ಚಾದ ಸಿ ವರ್ಗದ ಗುತ್ತಿಗೆಗಳನ್ನು 2013ರಲ್ಲಿ ರದ್ದು ಮಾಡಿದ್ದೂ ಅದೇ ಲೆಕ್ಕದಲ್ಲಿ. ಅಂದರೆ ಡಂಪ್ ಎಷ್ಟು ದೊಡ್ಡ ವಿಷಯ ಅಂತ ದಿಲ್ಲಿಯಲ್ಲಿ ಕೂತವರಿಗೆ ಅರ್ಥವಾಗಿತ್ತು. ಗುಡ್ಡದ ಕೆಳಗೇ ಜೀಪಿನಲ್ಲಿ ಓಡಾಡುವವರಿಗೆ ಮಾತ್ರ ಆಗಿಲ್ಲ. ನಮ್ಮೂರ ಮೇಲಿನ ಚೆಕ್ ಡ್ಯಾಂ ಬೇಸಿಗೆಯಲ್ಲೇ ಅಂಚಿನವರೆಗೆ ಹೂಳು ತುಂಬಿ ನಿಂತಿತ್ತು. ಅದರ ಮೇಲೆ ಮೇಕೆ ಮೇಯುತ್ತಿದ್ದವು. ಪಂಚಾಯಿತಿಯಲ್ಲಿ ಹೇಳಿದೆವು, ಗಣಿ ಇಲಾಖೆಗೆ ಹೋಗಿ ಅಂದರು. ಅಲ್ಲಿ ಹೋದರೆ ಅರಣ್ಯ ಇಲಾಖೆಗೆ ಅಂದರು. ಅರಣ್ಯದವರು ಅದು ಕಂದಾಯ ಜಾಗ ಅಂದರು. ಅರ್ಜಿ ಕೊಟ್ಟ ಸ್ವೀಕೃತಿ ಚೀಟಿ ಇನ್ನೂ ನಮ್ಮ ಹತ್ತಿರ ಇದೆ, ಬೇಕಾದರೆ ನಿಮ್ಮ ವರದಿಗಾರರು ಬಂದು ನೋಡಲಿ.

ರಸ್ತೆ ಹೇಗೋ ತೊಳೆದುಕೊಂಡು ಹೋಗುತ್ತದೆ. ಹೊಲ ಏನು ಮಾಡಬೇಕು? ಹಳ್ಳದ ಪಕ್ಕದ ಮೆಕ್ಕೆಜೋಳದ ಹೊಲಗಳ ಮೇಲೆ ಆ ಕೆಸರು ಹರಡಿ ಈಗ ಒಣಗಿದೆ. ಬೆರಳಿನಿಂದ ಎತ್ತಿದರೆ ಹಪ್ಪಳ ಹಪ್ಪಳವಾಗಿ ಏಳುತ್ತದೆ, ಅಡಿಯಲ್ಲಿ ಮೊಳಕೆ ಬಿಳಿಚಿಕೊಂಡು ಬಾಗಿ ಮಲಗಿದೆ. ನೀರು ಇಂಗುವುದಿಲ್ಲ, ಗಾಳಿ ಆಡುವುದಿಲ್ಲ. ಕಂದಾಯದವರು ಬಂದು ಫೋಟೊ ತೆಗೆದುಕೊಂಡು ಹೋಗಿದ್ದಾರೆ. ಬೆಳೆ ಹಾನಿ ಕಾಲಂನಲ್ಲಿ ಏನು ಬರೆಯುತ್ತಾರೆ ಅಂತ ಕೇಳಿದರೆ 'ಅತಿವೃಷ್ಟಿ' ಅಂದರಂತೆ. ಹಾಗೆ ಬರೆದರೆ ಪರಿಹಾರ ಕೊಡಬೇಕಾದ್ದು ಸರ್ಕಾರ, ಡಂಪ್ ಹಾಕಿದವರು ಆರಾಮಾಗಿ ಪಾರು. ಈ 'ಸಹಜ'ದ ಹಿಂದಿನ ಲಾಭ ಇದೇ ಅಂತ ನನಗೆ ಅನಿಸುತ್ತದೆ.

ಇನ್ನು ಮಳೆ ಇಲ್ಲದ ದಿನಗಳ ಕಥೆ. ಧೂಳು. ತಾಡಪತ್ರಿ ಹೊದಿಸಬೇಕು ಅನ್ನುವ ನಿಯಮ ಇದೆ, ಲಾರಿಯವರು ಚೆಕ್‌ಪೋಸ್ಟ್ ಹತ್ತಿರ ಹೊದಿಸುತ್ತಾರೆ, ದಾಟಿದ ಮೇಲೆ ಹಗ್ಗ ಬಿಚ್ಚಿ ಹಾರಾಡಲು ಬಿಡುತ್ತಾರೆ. ಮೆಣಸಿನಕಾಯಿ ಗಿಡದ ಎಲೆ ಮುಟ್ಟಿದರೆ ಕೈ ಕೆಂಪು. ಒಗೆದು ಹಾಕಿದ ಬಿಳಿ ಅಂಗಿ ಸಂಜೆಗೆ ಬಿಳಿ ಇರುವುದಿಲ್ಲ. ಬಟ್ಟೆ ಬಿಡಿ, ಆ ಧೂಳಿನಲ್ಲಿ ಕಬ್ಬಿಣದ ಜೊತೆ ಸಿಲಿಕಾ ಕೂಡ ಇರುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್ ಬರುತ್ತದೆ, ಶ್ವಾಸಕೋಶ ಗಟ್ಟಿಯಾಗುತ್ತದೆ, ಅದು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ನಮ್ಮೂರಿನಲ್ಲಿ ಕೆಮ್ಮುವವರಿಗೆಲ್ಲ ಬೀಡಿ ಬಿಡಿ ಅನ್ನುತ್ತಾರೆ, ಹೆಂಗಸರಿಗೂ ಅದನ್ನೇ ಹೇಳಿದರೆ ಹೇಗೆ?

ದುಡ್ಡಿಲ್ಲ ಅನ್ನುವ ಮಾತನ್ನು ಮಾತ್ರ ಯಾರೂ ಆಡಬಾರದು. ಗಣಿ ಕಾಯ್ದೆಗೆ 2015ರ ತಿದ್ದುಪಡಿ ಬಂದ ಮೇಲೆ ಗಣಿಯಿಂದ ತೊಂದರೆಯಾದ ಊರುಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಹಳೆಯ ಗುತ್ತಿಗೆದಾರರು ರಾಯಧನದ (ಅದಿರಿಗೆ ಸರ್ಕಾರಕ್ಕೆ ಕಟ್ಟುವ ದುಡ್ಡು) ಮೇಲೆ ಶೇ 30, ಹರಾಜಿನಲ್ಲಿ ಪಡೆದವರು ಶೇ 10 ಅದಕ್ಕೆ ಕಟ್ಟಬೇಕು. ಅದರ ದೊಡ್ಡ ಪಾಲು ಕುಡಿಯುವ ನೀರು, ಆರೋಗ್ಯ, ಪರಿಸರಕ್ಕೆ ಅಂತಲೇ ಇದೆ. ಅದಲ್ಲದೆ ಸುಪ್ರೀಂ ಕೋರ್ಟ್ ಹೇಳಿದ ಪುನಶ್ಚೇತನದ ದುಡ್ಡು ಬೇರೆ, ಅದಕ್ಕೆ ಒಂದು ನಿಗಮವನ್ನೇ ಮಾಡಿದ್ದಾರೆ. ಇಷ್ಟೆಲ್ಲ ಇದ್ದೂ ರಸ್ತೆಯ ಕೆಸರು ತೆಗೆಯಲು ಊರಿನವರು ಚಂದಾ ಎತ್ತಬೇಕಾ? ಈ ಕಡೆ 2022ರಲ್ಲಿ ಬಳ್ಳಾರಿಯಲ್ಲಿ ತೆಗೆಯಬಹುದಾದ ಅದಿರಿನ ಮಿತಿ ವರ್ಷಕ್ಕೆ 280 ಲಕ್ಷ ಟನ್ನಿಂದ 350 ಲಕ್ಷ ಟನ್ನಿಗೆ ಏರಿತು. ಅದಿರು ಜಾಸ್ತಿ ಆದರೆ ಡಂಪೂ ಜಾಸ್ತಿ, ಲಾರಿಯೂ ಜಾಸ್ತಿ. ರಸ್ತೆ ಅದೇ, ಹಳ್ಳ ಅದೇ.

ಇಲಾಖೆಗಳ ಮೇಲೆ ನಂಬಿಕೆ ಇಡಿ ಅನ್ನುತ್ತಾರೆ. ಹೇಗೆ ಇಡುವುದು? ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿ ಇಟ್ಟ ಲಕ್ಷಗಟ್ಟಲೆ ಟನ್ ಅದಿರೇ 2010ರಲ್ಲಿ ಮಾಯವಾಗಿತ್ತು. ಅಕ್ರಮ ಗಣಿಗಾರಿಕೆ ಬಗ್ಗೆ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಓದಿದವರಿಗೆ ಯಾರು ಯಾರು ಕಣ್ಣು ಮುಚ್ಚಿಕೊಂಡಿದ್ದರು ಅಂತ ಗೊತ್ತು. ಆಗಲೂ ಹೇಳುತ್ತಿದ್ದರು, ಎಲ್ಲ ಪರ್ಮಿಟ್ ಪ್ರಕಾರ ಇದೆ ಅಂತ. ಗಣಿ ಇವತ್ತು ನಿಂತರೂ ಕೆಸರು ನಿಲ್ಲುವುದಿಲ್ಲ ಅನ್ನುವುದನ್ನಾದರೂ ಇವರು ತಿಳಿದುಕೊಳ್ಳಲಿ. ಕುದುರೆಮುಖದಲ್ಲಿ ಗಣಿ 2005ರ ಕೊನೆಗೆ ನಿಂತಿತು, ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿ ಹೂಳು ಇವತ್ತಿಗೂ ಅಲ್ಲೇ ಇದೆ, ಅದನ್ನು ಯಾರಾದರೂ ಕಾಯುತ್ತಲೇ ಇರಬೇಕು. ತುಂಗಭದ್ರಾ ಜಲಾಶಯದಲ್ಲಿ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. ಎಲ್ಲ ಹೂಳೂ ಗಣಿಯದ್ದೇ ಅಂತ ನಾನು ಹೇಳುವುದಿಲ್ಲ. ಆದರೆ ಗುಡ್ಡ ಕೆದರಿದರೆ ಮಣ್ಣು ಕೆಳಗಿನ ನೀರಿಗೇ ಬರುವುದು, ಸಂಡೂರಿಗೆ ಕುಡಿಯುವ ನೀರು ಕೊಡುವ ನಾರಿಹಳ್ಳಕ್ಕೂ ಇದೇ ಗುಡ್ಡಗಳ ನೀರೇ ಬರುವುದು.

ಗಣಿ ಮುಚ್ಚಿ ಅಂತ ನಾನು ಬರೆಯುತ್ತಿಲ್ಲ, ನಮ್ಮ ಮನೆಯಲ್ಲೂ ಗಣಿ ಕೆಲಸಕ್ಕೆ ಹೋಗುವವರು ಇದ್ದಾರೆ. ಕಬ್ಬಿಣ ಎಲ್ಲರಿಗೂ ಬೇಕು. ಡಂಪ್ ಯಾರದು ಅಂತ ಬೋರ್ಡ್ ಹಾಕಿ, ಅವರಿಂದಲೇ ಹೂಳು ತೆಗೆಸಿ, ಹೊಲದವರಿಗೆ ಅವರಿಂದಲೇ ದುಡ್ಡು ಕೊಡಿಸಿ. ಲಾರಿಗಳಿಗೆ ಬೇರೆ ದಾರಿ ಮಾಡಿ, ಇಲ್ಲವೇ ಮಳೆಗಾಲ ಮುಗಿಯುವವರೆಗೆ ನಮ್ಮ ರಸ್ತೆಯಲ್ಲಿ ಬಿಡಬೇಡಿ. ಏನಾದರೂ ಮಾಡಿ, ಮೊದಲು ಒಂದು ಸಲ ಬಂದು ನೋಡಿ. ಪತ್ರಿಕೆಗೆ ಹೇಳಿಕೆ ಕೊಟ್ಟ ಅಧಿಕಾರಿಗಳು ಆಫೀಸಿನ ಕುರ್ಚಿ ಬಿಟ್ಟು ಆ ಚೆಕ್ ಡ್ಯಾಂ ಮೇಲೆ ಬಂದು ನಿಂತು, ಹೊಲ ಕಳೆದುಕೊಂಡವರ ಮುಖ ನೋಡಿ ಅದೇ ಮಾತು ಹೇಳಲಿ ನೋಡೋಣ. ಇವರಿಗೆ ಸಂಬಳ ಯಾಕೆ ಕೊಡುತ್ತಿದ್ದೇವೋ!

ಇಂತಿ,
ಒಬ್ಬ ಓದುಗ
ಸಂಡೂರು ತಾಲ್ಲೂಕು